ಡಾಕ್ಟರ್ ಜಾನ್ಸನ್ ಇಲ್ಲಿ ಕೂತಿದ್ದನೇ?

ಬೆಂಗಳೂರಿಗೆ ‘ಪಬ್ ನಗರಿ’ ಎಂಬ ಹೆಸರು ಅಂಟಿಕೊಂಡದ್ದು 1980ರ ದಶಕದ ಕೊನೆಯ ಭಾಗದಲ್ಲಿ. ಅಂದಿನಿಂದ ಕನ್ನಡಿಗರಿಗೆ ಪಬ್ಬು ಎಂದರೆ ಕಿವಿಗಡಚಿಕ್ಕುವ ಸಂಗೀತ, ಮಂದ ಬೆಳಕು, ಬಿಯರಿನ ದೊಡ್ಡ ಜಗ್ಗು ಮತ್ತು ವಾರಾಂತ್ಯದ ಯುವಜನರ ಗದ್ದಲ. ಆದರೆ ಈ ಪದ ಹುಟ್ಟಿದ ನಾಡಿನಲ್ಲಿ ಪಬ್ಬಿನ ಚಿತ್ರವೇ ಬೇರೆ. ‘ಪಬ್ಲಿಕ್ ಹೌಸ್’, ಅಂದರೆ ಎಲ್ಲರಿಗೂ ಬಾಗಿಲು ತೆರೆದಿರುವ ಮನೆ ಎಂಬ ಎರಡು ಮಾತು ಸವೆದು ‘ಪಬ್’ ಆಗಿದೆ. ಸವೆದ ಪದದೊಳಗೆ ‘ಮನೆ’ ಎಂಬ ಅರ್ಥ ಅಡಗಿ ಕುಳಿತಿರುವುದನ್ನು ಮರೆಯಬಾರದು. ನಮ್ಮ ಊರುಗಳಲ್ಲಿ ಅರಳಿಕಟ್ಟೆ, ಜಗಲಿ, ಕಾಫಿ ಹೋಟೆಲುಗಳು ಹಂಚಿಕೊಂಡು ಮಾಡಿದ ಕೆಲಸವನ್ನು ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಪಬ್ಬೊಂದೇ ಮಾಡಿತು.

ಇಂಥ ಪಬ್ಬುಗಳಲ್ಲಿ ಸಾಹಿತ್ಯದ ನಂಟು ಹೇಳಿಕೊಳ್ಳುವವು ಲಂಡನ್ನಿನಲ್ಲಿ ಹತ್ತಾರು ಇವೆ. ಅವುಗಳಲ್ಲಿ ಬಹಳ ಹೆಸರಾದದ್ದು ಫ್ಲೀಟ್ ಸ್ಟ್ರೀಟಿನ ‘ಯೆ ಓಲ್ಡ್ ಚೆಷೈರ್ ಚೀಸ್’. ಇಂಗ್ಲಿಷಿನ ಮಹಾ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ದಿನವೂ ಇಲ್ಲಿಗೆ ಬರುತ್ತಿದ್ದನೆಂದು ಪಬ್ಬಿನವರು ನೂರಾರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಆತ ಕೂರುತ್ತಿದ್ದ ಜಾಗವನ್ನೂ ತೋರಿಸುತ್ತಾರೆ. ಆದರೆ ಜಾನ್ಸನ್ನನ ಬದುಕಿನ ಚಿಕ್ಕಪುಟ್ಟ ವಿವರಗಳನ್ನೂ ಬಿಡದೆ ದಾಖಲಿಸಿದ ಜೇಮ್ಸ್ ಬಾಸ್‌ವೆಲ್ಲನ ಬೃಹತ್ ಜೀವನಚರಿತ್ರೆಯಲ್ಲಿ ಈ ಪಬ್ಬಿನ ಹೆಸರು ಒಮ್ಮೆಯೂ ಬರುವುದಿಲ್ಲ! ಹಾಗಾದರೆ ಪ್ರತಿವರ್ಷ ಇಲ್ಲಿಗೆ ಬರುವ ಸಾವಿರಾರು ಪ್ರವಾಸಿಗಳು ನೋಡಿಹೋಗುತ್ತಿರುವುದು ಇತಿಹಾಸವನ್ನೋ, ಕಟ್ಟುಕತೆಯನ್ನೋ?

ಓಣಿಯೊಳಗಿನ ಬಾಗಿಲು

ಚೆಷೈರ್ ಚೀಸ್ ಫ್ಲೀಟ್ ಸ್ಟ್ರೀಟಿನ 145ನೇ ನಂಬರಿನಲ್ಲಿದ್ದರೂ ಅದರ ಬಾಗಿಲು ಮುಖ್ಯ ಬೀದಿಗೆ ತೆರೆದುಕೊಳ್ಳುವುದಿಲ್ಲ. ಪಕ್ಕದ ಇಕ್ಕಟ್ಟಾದ ಓಣಿಗೆ ತಿರುಗಬೇಕು. ಈ ಓಣಿಯ ಹೆಸರು ವೈನ್ ಆಫೀಸ್ ಕೋರ್ಟ್. ಹಿಂದೊಮ್ಮೆ ವೈನ್ ಮಾರುವ ಪರವಾನಗಿ ಕೊಡುವ ಕಚೇರಿ ಇಲ್ಲಿತ್ತೆಂಬುದು ಹೆಸರಿನ ಮೂಲ. ಬಾಗಿಲ ಪಕ್ಕದಲ್ಲೇ ಒಂದು ಫಲಕವಿದೆ. ಈ ಕಟ್ಟಡ ಎದ್ದ ಮೇಲೆ ಇಂಗ್ಲೆಂಡನ್ನು ಆಳಿದ ರಾಜರಾಣಿಯರ ಹೆಸರುಗಳು ಅದರಲ್ಲಿ ಸಾಲಾಗಿವೆ. ದೊರೆಗಳು ಬಂದರು, ಹೋದರು; ಪಬ್ಬು ಮಾತ್ರ ಇಲ್ಲೇ ಇದೆ ಎಂಬ ಸಣ್ಣ ಜಂಬವೂ ಆ ಪಟ್ಟಿಯಲ್ಲಿದೆ.

1666ರ ಸೆಪ್ಟೆಂಬರ್‌ನಲ್ಲಿ ಲಂಡನ್ ನಗರವನ್ನು ನುಂಗಿದ ಮಹಾ ಅಗ್ನಿ ಅನಾಹುತ ಫ್ಲೀಟ್ ಸ್ಟ್ರೀಟಿನ ಈ ಭಾಗವನ್ನೂ ಬಿಡಲಿಲ್ಲ. ಸುಮಾರು 13,200 ಮನೆಗಳು ಬೂದಿಯಾದವು. ಚೆಷೈರ್ ಚೀಸ್ ಮರುವರ್ಷವೇ, ಅಂದರೆ 1667ರಲ್ಲಿ, ಮತ್ತೆ ಎದ್ದು ನಿಂತಿತು. ಆಮೇಲೆ ಸೇರಿಸಿದ, ದುರಸ್ತಿ ಮಾಡಿದ ಭಾಗಗಳು ಎಷ್ಟೋ ಇವೆ. ಆದರೂ ಒಳಗೆ ಕಾಲಿಟ್ಟವರಿಗೆ ಮೊದಲು ಅರಿವಿಗೆ ಬರುವುದು ಕತ್ತಲು. ಕಿಟಕಿಗಳು ಕಡಿಮೆ, ಗೋಡೆಗೆ ಹೊದಿಸಿದ ಮರದ ಹಲಗೆಗಳು ಮೇಣದಬತ್ತಿ, ಕಲ್ಲಿದ್ದಲು, ತಂಬಾಕುಗಳ ಹೊಗೆ ಕುಡಿದು ಕಪ್ಪಾಗಿವೆ. ನೆಲಕ್ಕೆ ಮರದ ಹೊಟ್ಟು ಚೆಲ್ಲುವ ಹಳೆಯ ಪದ್ಧತಿ ಇಲ್ಲಿ ಬಹುಕಾಲ ನಡೆದುಬಂದಿತು. ಚೆಲ್ಲಿದ ಬಿಯರು, ಬೂಟಿನ ಕೆಸರು ಎರಡನ್ನೂ ಹೀರಿಕೊಳ್ಳಲು ಅದಕ್ಕಿಂತ ಅಗ್ಗದ ಉಪಾಯವಿರಲಿಲ್ಲ. ಕಿರಿದಾದ ಮೆಟ್ಟಿಲುಗಳು ಮೇಲಿನ ಕೋಣೆಗಳಿಗೂ ಕೆಳಗಿನ ನೆಲಮಾಳಿಗೆಗಳಿಗೂ ಕರೆದೊಯ್ಯುತ್ತವೆ. ತಲೆ ಬಗ್ಗಿಸದೆ ಇಳಿಯುವವರು ಹಣೆ ತಟ್ಟಿಸಿಕೊಳ್ಳುವುದು ಖಂಡಿತ.

ಪಬ್ಬಿನ ನಡಾವಳಿ

ಹೊಸದಾಗಿ ಹೋಗುವವರು ತಿಳಿದಿರಬೇಕಾದ ಕೆಲವು ರೀತಿನೀತಿಗಳಿವೆ. ಸಾಂಪ್ರದಾಯಿಕ ಇಂಗ್ಲಿಷ್ ಪಬ್ಬಿನಲ್ಲಿ ಮೇಜಿನ ಬಳಿ ಕೂತು ಮಾಣಿ ಬರಲೆಂದು ಕಾಯುತ್ತಿದ್ದರೆ ಕತ್ತಲಾದೀತೇ ಹೊರತು ಯಾರೂ ಬರುವುದಿಲ್ಲ. ಗಿರಾಕಿಯೇ ಕಟ್ಟೆಯ ಬಳಿ ಹೋಗಿ, ಬೇಕಾದದ್ದನ್ನು ಹೇಳಿ, ಅಲ್ಲೇ ಹಣ ಕೊಟ್ಟು, ಲೋಟವನ್ನು ತಾನೇ ಎತ್ತಿಕೊಂಡು ಬರಬೇಕು. ಅಲ್ಲಿ ಸರತಿ ಸಾಲು ಕಾಣಿಸದಿದ್ದರೂ ಯಾರು ಮೊದಲು ಬಂದರೆಂಬ ಲೆಕ್ಕ ಕಟ್ಟೆಯ ಹಿಂದಿರುವವನ ತಲೆಯಲ್ಲಿರುತ್ತದೆ. ಕೈಬೀಸಿ ಕೂಗುವುದು ಅಸಭ್ಯ. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸುವುದು ವಾಡಿಕೆ. ತನ್ನ ಸರದಿ ಬರುವ ಹೊತ್ತಿಗೆ ಎದ್ದು ಹೋಗುವವನ ಹೆಸರು ಬಹುಬೇಗ ಕೆಡುತ್ತದೆ.

ಬಿಯರಿನ ಅಳತೆ ಪೈಂಟು, ಅಂದರೆ 568 ಮಿಲಿ ಲೀಟರು. ಇಲ್ಲವೇ ಅದರ ಅರ್ಧ. ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ‘ಏಲ್’ ನಮ್ಮಲ್ಲಿಯ ಹಾಗೆ ಮಂಜುಗಡ್ಡೆಯಷ್ಟು ತಣ್ಣಗಿರುವುದಿಲ್ಲ. ನೆಲಮಾಳಿಗೆಯ 11ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಪೀಪಾಯಿಯೊಳಗೇ ಅದರ ಕೊನೆಯ ಹುದುಗು ನಡೆಯುತ್ತದೆ. ಅತಿ ತಂಪು ಅದರ ರುಚಿಯನ್ನು ಕೊಲ್ಲುತ್ತದೆ ಎಂಬುದು ಬಲ್ಲವರ ಮಾತು. ಮುಚ್ಚುವ ಸಮಯ ಹತ್ತಿರವಾದಾಗ ಗಂಟೆ ಬಾರಿಸಿ ಕೊನೆಯ ಬೇಡಿಕೆಗೆ ಕರೆಯುತ್ತಾರೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ, ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡಬಾರದೆಂದು, ಮಧ್ಯಾಹ್ನ ಪಬ್ಬು ಮುಚ್ಚಬೇಕೆಂಬ ನಿಯಮ ಬಂತು. ಯುದ್ಧ ಮುಗಿದು ಏಳು ದಶಕ ಕಳೆಯುತ್ತ ಬಂದರೂ ಆ ನಿಯಮ ಉಳಿದಿತ್ತು. ಇಂಗ್ಲೆಂಡಿನಲ್ಲಿ ಅದು ಸಡಿಲಗೊಂಡದ್ದು 1988ರಲ್ಲಿ. 2007ರ ಜುಲೈ 1ರಿಂದ ಒಳಗೆ ಹೊಗೆ ಸೇದುವಂತಿಲ್ಲ.

ಚೆಷೈರ್ ಚೀಸ್ ಈಗ ಯಾರ್ಕ್‌ಷೈರಿನ ಟ್ಯಾಡ್‌ಕ್ಯಾಸ್ಟರ್ ಊರಿನ ಸ್ಯಾಮ್ಯುಯೆಲ್ ಸ್ಮಿತ್ ಬಿಯರ್ ಕಂಪನಿಯ ಒಡೆತನದಲ್ಲಿದೆ. ಈ ಕಂಪನಿಯ ಮೂಲ 1758ರಷ್ಟು ಹಿಂದಕ್ಕೆ ಹೋಗುತ್ತದೆ. ತನ್ನ ಪಬ್ಬುಗಳಲ್ಲಿ ಸಂಗೀತ ಬೇಡ, ಟೀವಿ ಬೇಡ ಎಂಬುದು ಅದರ ಹಟ. 2019ರಲ್ಲಿ ಮೊಬೈಲ್ ಫೋನು, ಲ್ಯಾಪ್‌ಟಾಪುಗಳೂ ಬೇಡವೆಂದು ಆಜ್ಞೆ ಹೊರಡಿಸಿ ಸುದ್ದಿಯಾಯಿತು. ನಕ್ಕವರೂ ಇದ್ದಾರೆ, ಬೈದವರೂ ಇದ್ದಾರೆ. ಆದರೆ ಆ ಹಟದ ಹಿಂದಿನ ವಾದ ಸರಳವಾಗಿದೆ: ಪಬ್ಬು ಇರುವುದು ಮಾತಿಗೆ. ಕುಡಿಯದವರೂ ಒಳಗೆ ಹೋಗಬಹುದು, ಊಟ ಮಾಡಬಹುದು, ಹಣ್ಣಿನ ರಸವನ್ನೋ ಸೋಡಾವನ್ನೋ ಹಿಡಿದು ಕೂರಬಹುದು. ಯಾರೂ ಹುಬ್ಬೇರಿಸುವುದಿಲ್ಲ.

ನಿಘಂಟುಕಾರನ ನೆರೆಹೊರೆ

ಪಬ್ಬಿನಿಂದ ಒಂದೆರಡು ನಿಮಿಷ ನಡೆದರೆ ಗಫ್ ಸ್ಕ್ವೇರ್. ಅಲ್ಲಿಯ 17ನೇ ನಂಬರಿನ ಮನೆಯಲ್ಲಿ ಜಾನ್ಸನ್ 1748ರಿಂದ 1759ರವರೆಗೆ ವಾಸವಾಗಿದ್ದ. ಅದರ ಮಾಳಿಗೆಯ ಕೋಣೆಯಲ್ಲಿ ಆರು ಮಂದಿ ಸಹಾಯಕರನ್ನು ಕೂರಿಸಿಕೊಂಡು, 42,773 ಪದಗಳ ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದ. 1755ರ ಏಪ್ರಿಲ್‌ನಲ್ಲಿ ಅದು ಹೊರಬಂತು. ಆ ಮನೆ ಇಂದು ವಸ್ತುಸಂಗ್ರಹಾಲಯ.

ಜಾನ್ಸನ್ನನ ಕಾಲದಲ್ಲಿ ಲೇಖಕನಿಗೂ ಪಾನಗೃಹಕ್ಕೂ ಇದ್ದ ಸಂಬಂಧ ಬರೀ ಕುಡಿತದ್ದಲ್ಲ. ಅದಕ್ಕೆ ಮುಂಚೆ ಬರೆಯುವವನು ಯಾರಾದರೂ ಶ್ರೀಮಂತನ ಆಶ್ರಯ ಹಿಡಿಯಬೇಕಿತ್ತು. ಪುಸ್ತಕ ವ್ಯಾಪಾರಿಗಳೂ ಪತ್ರಿಕೆಗಳೂ ಬೆಳೆದಂತೆ ಲೇಖಕ ಮಾರುಕಟ್ಟೆಗೆ ಬಂದ. ಆಶ್ರಯ ಕೊಡುವ ಮಾತಾಡಿ ವರ್ಷಗಟ್ಟಲೆ ತಿರುಗಿ ನೋಡದ ಲಾರ್ಡ್ ಚೆಸ್ಟರ್‌ಫೀಲ್ಡನಿಗೆ ಜಾನ್ಸನ್ 1755ರಲ್ಲಿ ಬರೆದ ನಿಷ್ಠುರ ಪತ್ರ ಈ ಬದಲಾವಣೆಯ ಸಂಕೇತವಾಗಿ ಪ್ರಸಿದ್ಧವಾಗಿದೆ. ಆದರೆ ಮಾರುಕಟ್ಟೆಗೆ ಬಂದ ಲೇಖಕನಿಗೆ ಕಚೇರಿ ಎಲ್ಲಿ? ಬಾಡಿಗೆಯ ಕೋಣೆ ಇಕ್ಕಟ್ಟು, ಚಳಿಗಾಲದಲ್ಲಿ ಕಲ್ಲಿದ್ದಲು ದುಬಾರಿ. ಪಾನಗೃಹದಲ್ಲಾದರೋ ಬೆಂಕಿ ಉರಿಯುತ್ತಿತ್ತು, ದೀಪವಿತ್ತು, ಬಿಸಿ ಊಟವಿತ್ತು, ಪ್ರಕಾಶಕನೂ ಅಲ್ಲಿಗೇ ಬರುತ್ತಿದ್ದ. ನಿಘಂಟಿನ ಒಪ್ಪಂದಕ್ಕೆ ಜಾನ್ಸನ್ ಸಹಿ ಹಾಕಿದ್ದೇ 1746ರ ಜೂನ್ 18ರಂದು, ಹೋಲ್ಬರ್ನ್ ಬಳಿಯ ‘ಗೋಲ್ಡನ್ ಆಂಕರ್’ ಎಂಬ ಪಾನಗೃಹದಲ್ಲಿ, ಬೆಳಗಿನ ಉಪಾಹಾರದ ಹೊತ್ತಿನಲ್ಲಿ. ಮೊತ್ತ 1,500 ಗಿನಿ. ಸಹಾಯಕರ ಸಂಬಳವೂ ಅದರಲ್ಲೇ.

ಲೇಖಕರ ಬದುಕು ಎಷ್ಟು ತೆಳ್ಳಗಿನ ದಾರದ ಮೇಲೆ ನಡೆಯುತ್ತಿತ್ತೆಂಬುದಕ್ಕೆ ಆಲಿವರ್ ಗೋಲ್ಡ್‌ಸ್ಮಿತ್ ಸಾಕ್ಷಿ. ಈತ 1760ರಿಂದ ಎರಡು ವರ್ಷ ಇದೇ ವೈನ್ ಆಫೀಸ್ ಕೋರ್ಟಿನಲ್ಲಿ ಬಾಡಿಗೆಗಿದ್ದ. ಆ ಕಾಲದಲ್ಲೇ ಒಂದು ಬೆಳಿಗ್ಗೆ, ಬಾಡಿಗೆ ಬಾಕಿಗಾಗಿ ಮನೆಯೊಡತಿ ತನ್ನನ್ನು ಹಿಡಿಸಿದ್ದಾಳೆಂದು ಈತ ಜಾನ್ಸನ್ನನಿಗೆ ಹೇಳಿಕಳಿಸಿದ. ಜಾನ್ಸನ್ ಮೊದಲು ಒಂದು ಗಿನಿ ಕಳಿಸಿ, ಆಮೇಲೆ ತಾನೇ ಬಂದು ನೋಡಿದರೆ, ಆ ಗಿನಿ ಆಗಲೇ ಒಂದು ಬಾಟಲಿ ಮಡೀರಾ ವೈನಾಗಿ ಮೇಜಿನ ಮೇಲಿತ್ತು! ಬಾಟಲಿಗೆ ಬಿರಡೆ ಹಾಕಿ, ಬೇರೇನಾದರೂ ಇದೆಯೇ ಎಂದು ವಿಚಾರಿಸಿದಾಗ ಒಂದು ಕಾದಂಬರಿಯ ಹಸ್ತಪ್ರತಿ ಹೊರಬಂತು. ಜಾನ್ಸನ್ ಅದನ್ನು ಒಯ್ದು 60 ಪೌಂಡಿಗೆ ಮಾರಿ, ಗೆಳೆಯನ ಮಾನ ಉಳಿಸಿದ. ಅದೇ ‘ದಿ ವಿಕಾರ್ ಆಫ್ ವೇಕ್‌ಫೀಲ್ಡ್’.

ಸಾಕ್ಷ್ಯ ಏನನ್ನುತ್ತದೆ?

ಹೀಗೆ ಮನೆ ಹತ್ತಿರ, ಗೆಳೆಯನ ಮನೆ ಅದೇ ಓಣಿಯಲ್ಲಿ. ಜಾನ್ಸನ್ನನಿಗೆ ಪಾನಗೃಹಗಳೆಂದರೆ ಪಂಚಪ್ರಾಣ. ಮೇಲ್ನೋಟಕ್ಕೆ ಮೊಕದ್ದಮೆ ಗೆದ್ದಂತೆಯೇ. ಆದರೆ ಬಾಸ್‌ವೆಲ್ಲನ ಮೌನವನ್ನು ಏನು ಮಾಡುವುದು? ಆತ ಮೈಟರ್ ಪಾನಗೃಹದ ಸಂಜೆಗಳನ್ನು ಬಣ್ಣಿಸಿದ್ದಾನೆ. 1764ರಲ್ಲಿ ಜೆರಾರ್ಡ್ ಸ್ಟ್ರೀಟಿನ ‘ಟರ್ಕ್ಸ್ ಹೆಡ್’ನಲ್ಲಿ ಹುಟ್ಟಿದ ಪ್ರಸಿದ್ಧ ಕೂಟದ ವಿಷಯ ಬರೆದಿದ್ದಾನೆ. ಚೆಷೈರ್ ಚೀಸ್ ಮಾತ್ರ ಇಲ್ಲ.

ಪಬ್ಬಿನ ಪರ ವಕಾಲತ್ತು ವಹಿಸುವವರಿಗೆ ಒಂದು ಉತ್ತರವಿದೆ. ಬಾಸ್‌ವೆಲ್ ಜಾನ್ಸನ್ನನನ್ನು ಮೊದಲು ಕಂಡದ್ದು 1763ರ ಮೇ 16ರಂದು. ಅಷ್ಟರಲ್ಲಿ ಜಾನ್ಸನ್ ಗಫ್ ಸ್ಕ್ವೇರ್ ಬಿಟ್ಟು ನಾಲ್ಕು ವರ್ಷವಾಗಿತ್ತು. ನಿಘಂಟಿನ ದಿನಗಳ ಸಂಜೆಗಳನ್ನು ಬಾಸ್‌ವೆಲ್ ಕಣ್ಣಾರೆ ಕಂಡವನಲ್ಲ. ಈ ಉತ್ತರದಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಏಕೆಂದರೆ ಜಾನ್ಸನ್ ಮುಂದೆ ಜಾನ್ಸನ್ಸ್ ಕೋರ್ಟ್, ಬೋಲ್ಟ್ ಕೋರ್ಟ್‌ಗಳಲ್ಲಿ ಮನೆ ಮಾಡಿ, 1784ರಲ್ಲಿ ಸಾಯುವವರೆಗೂ ಇದೇ ಆಸುಪಾಸಿನಲ್ಲಿದ್ದ. ಆ ವರ್ಷಗಳಲ್ಲಿ ನಿತ್ಯವೂ ಇಲ್ಲಿಗೆ ಬರುತ್ತಿದ್ದರೆ ಬಾಸ್‌ವೆಲ್ಲನ ಕಿವಿಗೆ ಬೀಳದಿರುತ್ತಿತ್ತೇ? ಮೇಲಾಗಿ ಜಾನ್ಸನ್ ತನ್ನ ಬದುಕಿನ ಹಲವು ವರ್ಷ ವೈನನ್ನು ಮುಟ್ಟಲೇ ಇಲ್ಲ. ಆತನ ನಿಜವಾದ ಚಟ ಚಹಾ. ಚಹಾ ಕುಡಿಯುವುದು ಕೇಡೆಂದು ಬರೆದ ಜೋನಸ್ ಹ್ಯಾನ್‌ವೇಗೆ 1757ರಲ್ಲಿ ಅಚ್ಚಿನಲ್ಲೇ ಉತ್ತರ ಕೊಟ್ಟಾತ ಅವನು.

ಜಾನ್ಸನ್ ಇಲ್ಲಿ ಬರುತ್ತಿದ್ದನೆಂಬ ಮಾತು ಅಚ್ಚಿನಲ್ಲಿ ಗಟ್ಟಿಯಾಗಿ ಕೇಳಿಸತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆತನನ್ನು ನೋಡಿದ್ದ ಮುದುಕರು ಹೇಳಿದ್ದನ್ನು ತಾವು ಯೌವನದಲ್ಲಿ ಕೇಳಿದ್ದೆವೆಂದು ಹಳೆಯ ಗಿರಾಕಿಗಳು ಬರೆದರು. ಅಂದರೆ ಇದು ಕಿವಿಯಿಂದ ಕಿವಿಗೆ ಬಂದ ಸಾಕ್ಷ್ಯ. ನ್ಯಾಯಾಲಯ ಒಪ್ಪಲಿಕ್ಕಿಲ್ಲ, ಹಾಗೆಂದು ಸುಳ್ಳೆಂದೂ ಹೇಳಲಾಗದು. ಆಗೀಗ ಬಂದಿರಬಹುದು, ಅದು ಬಹಳ ಸಂಭವ. ‘ದಿನವೂ, ಇದೇ ಕುರ್ಚಿಯಲ್ಲಿ’ ಎಂಬುದಕ್ಕೆ ಆಧಾರವಿಲ್ಲ. ಡಿಕನ್ಸನ ಕತೆಯೂ ಹೀಗೆಯೇ. 1859ರ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯಲ್ಲಿ, ಗಲ್ಲಿನಿಂದ ಪಾರಾದ ಚಾರ್ಲ್ಸ್ ಡಾರ್ನೆಯನ್ನು ಸಿಡ್ನಿ ಕಾರ್ಟನ್ ಫ್ಲೀಟ್ ಸ್ಟ್ರೀಟಿನ ಮುಚ್ಚಿದ ಓಣಿಯೊಂದರ ಪಾನಗೃಹಕ್ಕೆ ಊಟಕ್ಕೆ ಕರೆದೊಯ್ಯುತ್ತಾನೆ. ಅದು ಚೆಷೈರ್ ಚೀಸೇ ಎಂದು ಓದುಗರು ನಂಬಿದ್ದಾರೆ. ಡಿಕನ್ಸ್ ಹೆಸರು ಹೇಳಿಲ್ಲ.

ಖಂಡಿತವಾಗಿ ಕೂತವರು

ಅನುಮಾನಕ್ಕೆ ಎಡೆಯಿಲ್ಲದ ಗಿರಾಕಿಗಳೂ ಇದ್ದಾರೆ. 1890ರಲ್ಲಿ ಐರಿಷ್ ಕವಿ ಡಬ್ಲ್ಯು.ಬಿ. ಯೇಟ್ಸ್ ಮತ್ತು ಅರ್ನೆಸ್ಟ್ ರೀಸ್ ಸೇರಿ ‘ರೈಮರ್ಸ್ ಕ್ಲಬ್’ ಎಂಬ ಕವಿಕೂಟ ಕಟ್ಟಿದರು. ಅರ್ನೆಸ್ಟ್ ಡೌಸನ್, ಲಯೊನೆಲ್ ಜಾನ್ಸನ್, ಜಾನ್ ಡೇವಿಡ್‌ಸನ್, ಆರ್ಥರ್ ಸೈಮನ್ಸ್ ಮೊದಲಾದ ತರುಣರು ಚೆಷೈರ್ ಚೀಸಿನ ಮೇಲಿನ ಕೋಣೆಯಲ್ಲಿ ಕಲೆತು, ತಮ್ಮ ಪದ್ಯಗಳನ್ನು ಓದಿ, ಒಬ್ಬರನ್ನೊಬ್ಬರು ಟೀಕಿಸುತ್ತಿದ್ದರು. 1892 ಮತ್ತು 1894ರಲ್ಲಿ ಕೂಟದ ಎರಡು ಸಂಕಲನಗಳು ಬಂದವು. ಯೇಟ್ಸನ ಜನಪ್ರಿಯ ಕವಿತೆ ‘ದಿ ಲೇಕ್ ಐಲ್ ಆಫ್ ಇನ್ನಿಸ್‌ಫ್ರೀ’ ಮೊದಲನೆಯದರಲ್ಲಿದೆ. ತವರಿನ ನೆನಪಿನಲ್ಲಿ ಕೊರಗುತ್ತ ಫ್ಲೀಟ್ ಸ್ಟ್ರೀಟಿನಲ್ಲಿ ನಡೆಯುತ್ತಿದ್ದಾಗ, ಅಂಗಡಿಯ ಕಿಟಕಿಯಲ್ಲಿ ಪುಟ್ಟ ಕಾರಂಜಿಯ ನೀರಿನ ಸದ್ದು ಕೇಳಿ ಆ ಕವಿತೆ ಹುಟ್ಟಿತೆಂದು ಆತ ಬರೆದಿದ್ದಾನೆ.

ಇಲ್ಲೊಂದು ಸ್ವಾರಸ್ಯವಿದೆ. 1922ರಲ್ಲಿ ಪ್ರಕಟವಾದ ತನ್ನ ಆತ್ಮಕಥನದ ಭಾಗದಲ್ಲಿ ಯೇಟ್ಸ್, ಈ ಪಬ್ಬು ಸ್ಟ್ರಾಂಡ್ ಬೀದಿಯಲ್ಲಿತ್ತೆಂದು ಬರೆದುಬಿಟ್ಟ! ಖಂಡಿತವಾಗಿ ಬಂದು ಕೂತವನೇ ವಿಳಾಸ ತಪ್ಪಿದ. ನೆನಪೆಂಬ ಸಾಕ್ಷಿ ಎಷ್ಟು ನೆಚ್ಚಿಗೆ ಅರ್ಹ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಈ ಕೂಟಕ್ಕೆ ಭಾರತದ ನಂಟೂ ಇದೆ. 1912ರಲ್ಲಿ ರವೀಂದ್ರನಾಥ ಠಾಕೂರರು ಲಂಡನ್ನಿಗೆ ಬಂದಾಗ ಅವರ ಇಂಗ್ಲಿಷ್ ‘ಗೀತಾಂಜಲಿ’ಗೆ ಮುನ್ನುಡಿ ಬರೆದವನು ಇದೇ ಯೇಟ್ಸ್. ಮರುವರ್ಷ ಅವರಿಗೆ ನೊಬೆಲ್ ಬಂತು. ‘ಎವೆರಿಮ್ಯಾನ್ಸ್ ಲೈಬ್ರರಿ’ ಮಾಲೆಯ ಸಂಪಾದಕನಾಗಿ ಹೆಸರಾದ ಅರ್ನೆಸ್ಟ್ ರೀಸ್ 1915ರಲ್ಲಿ ಠಾಕೂರರ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ಆದರೆ ಪಬ್ಬಿನ ಗೋಡೆಗಳು ಹೇಳದ ಇನ್ನೊಂದು ಕತೆಯಿದೆ. ಡೌಸನ್ 1900ರಲ್ಲಿ, 32ರ ಹರೆಯದಲ್ಲಿ, ತೀರಿಕೊಂಡ. ಲಯೊನೆಲ್ ಜಾನ್ಸನ್ 1902ರಲ್ಲಿ, 35ರಲ್ಲಿ. ಇಬ್ಬರ ಬಾಳನ್ನೂ ಮದ್ಯ ತಿಂದುಹಾಕಿತ್ತು. ಡೇವಿಡ್‌ಸನ್ 1909ರಲ್ಲಿ ಸಮುದ್ರದ ಪಾಲಾದ. ಇವರನ್ನು ನೆನೆದೇ ಯೇಟ್ಸ್ ತನ್ನ ಓರಗೆಯವರನ್ನು ದುರಂತದ ತಲೆಮಾರು ಎಂದು ಕರೆದದ್ದು. ಸಾಹಿತ್ಯ ಮತ್ತು ಸೀಸೆಯ ಗೆಳೆತನವನ್ನು ಬಣ್ಣಿಸುವ ಪ್ರವಾಸಿ ಕೈಪಿಡಿಗಳು ಈ ಲೆಕ್ಕವನ್ನು ಕೊಡುವುದಿಲ್ಲ.

ಎಲ್ಲರಿಗೂ ತೆರೆದ ಮನೆ ಎಂಬ ಮಾತಿಗೂ ಮಿತಿಯಿತ್ತು. ರೈಮರ್ಸ್ ಕ್ಲಬ್ಬಿನ ಸಂಕಲನಗಳಲ್ಲಿ ಒಬ್ಬ ಕವಯಿತ್ರಿಯೂ ಇಲ್ಲ. ಇಲ್ಲಿ ಗಂಡಸರಿಗೆ ಮಾತ್ರ ಸರಬರಾಜು ಎಂದು ಸಾರುವ ಹಳೆಯ ಬರಹ ಚೆಷೈರ್ ಚೀಸಿನ ಬಾರ್ ಕೋಣೆಯ ಬಾಗಿಲ ಮೇಲೆ ಉಳಿದಿದೆ; ಈಗ ಅದು ತಮಾಷೆಯ ವಸ್ತು. ಆದರೆ ಅದೇ ಬೀದಿಯ ‘ಎಲ್ ವಿನೊ’ ಎಂಬ ವೈನ್ ಬಾರಿನಲ್ಲಿ ಹೆಂಗಸರು ಕಟ್ಟೆಯ ಬಳಿ ನಿಂತು ಕುಡಿಯುವಂತಿಲ್ಲವೆಂಬ ಕಟ್ಟಳೆ 1982ರವರೆಗೂ ನಡೆಯಿತು. ಪತ್ರಕರ್ತರು ಸುದ್ದಿ ಹಂಚಿಕೊಳ್ಳುತ್ತಿದ್ದುದೇ ಆ ಕಟ್ಟೆಯ ಬಳಿ. ಅಲ್ಲಿಗೆ ಪ್ರವೇಶವಿಲ್ಲದ ಮಹಿಳೆಗೆ ಕುಡಿತಕ್ಕಿಂತ ಸುದ್ದಿ ತಪ್ಪುವ ನಷ್ಟವೇ ದೊಡ್ಡದು. ಆ ವರ್ಷ ಇಬ್ಬರು ಮಹಿಳೆಯರು ಹೂಡಿದ್ದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಟ್ಟಳೆ ಕಾನೂನುಬಾಹಿರವೆಂದು ತೀರ್ಪಿತ್ತಿತು.

ಪತ್ರಿಕೆಗಳು ಹೋದ ಬೀದಿ

1702ರಲ್ಲಿ ಇಂಗ್ಲೆಂಡಿನ ಮೊದಲ ದಿನಪತ್ರಿಕೆ ‘ಡೈಲಿ ಕೊರಾಂಟ್’ ಹೊರಟದ್ದು ಫ್ಲೀಟ್ ಸ್ಟ್ರೀಟಿನ ತುದಿಯಲ್ಲಿ. ಮುಂದೆ ಬೀದಿಯ ಹೆಸರೇ ಪತ್ರಿಕೋದ್ಯಮಕ್ಕೆ ಪರ್ಯಾಯವಾಯಿತು. ಚೆಷೈರ್ ಚೀಸ್ ಪತ್ರಕರ್ತರ ಎರಡನೆಯ ಮನೆ. ಇಲ್ಲಿದ್ದ ‘ಪಾಲಿ’ ಎಂಬ ಬಾಯಿಬಡುಕ ಗಿಳಿ 1926ರಲ್ಲಿ ಸತ್ತಾಗ ದೇಶವಿದೇಶಗಳ ಪತ್ರಿಕೆಗಳು ಶ್ರದ್ಧಾಂಜಲಿ ಬರೆದವು. ಬರೆಯುವವರೆಲ್ಲ ಅದರ ಪರಿಚಯಸ್ಥರೇ ಆಗಿದ್ದರಲ್ಲ!

1986ರ ಜನವರಿಯಲ್ಲಿ ರೂಪರ್ಟ್ ಮರ್ಡೋಕ್ ತನ್ನ ನಾಲ್ಕು ಪತ್ರಿಕೆಗಳ ಮುದ್ರಣವನ್ನು ರಾತ್ರೋರಾತ್ರಿ ವ್ಯಾಪಿಂಗ್‌ಗೆ ಸಾಗಿಸಿದ. ಕಂಪ್ಯೂಟರು ಬಂತು, ಅಚ್ಚುಮೊಳೆ ಹೋಯಿತು. ಐದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಒಂದೊಂದಾಗಿ ಉಳಿದ ಪತ್ರಿಕೆಗಳೂ ಬೀದಿ ಬಿಟ್ಟವು. ರಾಯಿಟರ್ಸ್ 2005ರಲ್ಲಿ ಹೋಯಿತು. 2016ರ ಆಗಸ್ಟ್‌ನಲ್ಲಿ ‘ಸಂಡೇ ಪೋಸ್ಟ್’ನ ಕೊನೆಯ ಇಬ್ಬರು ವರದಿಗಾರರು ಮೇಜು ಖಾಲಿ ಮಾಡಿದರು. ಈಗ ಅಲ್ಲಿರುವುದು ಹೆಚ್ಚಾಗಿ ವಕೀಲರು, ಹಣಕಾಸು ಕಂಪನಿಗಳು.

ಪಬ್ಬುಗಳ ಕಾಲವೂ ಸುಖದ್ದಲ್ಲ. ಈ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪಬ್ಬುಗಳು ಮುಚ್ಚಿವೆ. ತೆರಿಗೆ, ಬಾಡಿಗೆ, ಅಂಗಡಿಯ ಅಗ್ಗದ ಬಿಯರು, ಮನೆಯಲ್ಲೇ ಕೂರುವ ಅಭ್ಯಾಸ, ಎಲ್ಲವೂ ಕಾರಣ. ಟಾಲ್ಕಿನ್, ಸಿ.ಎಸ್. ಲೂಯಿಸ್ ಮತ್ತು ಗೆಳೆಯರು ಕಲೆಯುತ್ತಿದ್ದ ಆಕ್ಸ್‌ಫರ್ಡಿನ ‘ಈಗಲ್ ಅಂಡ್ ಚೈಲ್ಡ್’ ಪಬ್ಬಿನ ಬಾಗಿಲೂ 2020ರಲ್ಲಿ ಮುಚ್ಚಿತು. ದೊಡ್ಡ ಹೆಸರಿದ್ದರೂ ಬಾಗಿಲು ತೆರೆದೇ ಇರುತ್ತದೆಂಬ ಭರವಸೆ ಇಲ್ಲ.

ಹಾಗಾಗಿ ಜಾನ್ಸನ್ ಕುರ್ಚಿಯ ಕತೆಯನ್ನು ಬರೀ ಸುಳ್ಳೆಂದು ತಳ್ಳಿಹಾಕುವ ಮುನ್ನ ಯೋಚಿಸಬೇಕು. ಆ ಕತೆಯಿಂದಾಗಿ ಜನ ಬಂದರು; ಜನ ಬಂದದ್ದರಿಂದ ಕಟ್ಟಡ ಉಳಿಯಿತು; ಕಟ್ಟಡ ಉಳಿದದ್ದರಿಂದ ಯೇಟ್ಸ್ ಕೂತ ಕೋಣೆಯ ನಿಜವೂ, ಡೌಸನ್ನನ ದುಃಖದ ನಿಜವೂ ಉಳಿದವು. ಒಂದು ಅರೆನಿಜ ಹಲವು ನಿಜಗಳನ್ನು ಕಾಪಾಡಿತು ಎನ್ನಬಹುದು. ಆದರೆ ಅರೆನಿಜವನ್ನು ಅರೆನಿಜವೆಂದೇ ತಿಳಿದು ಒಳಗೆ ಹೋಗುವುದು ಮೇಲು. ಪದಗಳ ಅರ್ಥಕ್ಕೆ ಸಾಕ್ಷ್ಯವಾಗಿ ಹಳೆಯ ಗ್ರಂಥಗಳಿಂದ ಪ್ರಯೋಗಗಳನ್ನು ಹುಡುಕಿದ ನಿಘಂಟುಕಾರನಿಗೆ ಸಲ್ಲಿಸಬಹುದಾದ ಮರ್ಯಾದೆ ಅದೇ.